ಆರ್ಕಿಮಿಡೀಸ್ ಊರಲ್ಲಿ ನಾವಿಬ್ರು ಐದು ರಾತ್ರಿ

ನಾನು ಹೈಸ್ಕೂಲ್ ಗಣಿತ ಟೀಚರ್. 10ನೇ ಕ್ಲಾಸಿಗೆ ಗೋಳ, ಸಿಲಿಂಡರ್ ಪಾಠ ಮಾಡ್ತಾ ಮಾಡ್ತಾನೇ ಆರ್ಕಿಮಿಡೀಸ್ ಹುಟ್ಟಿದೂರನ್ನ ಒಂದ್ಸಲ ನೋಡ್ಬೇಕು ಅನ್ನೋ ಆಸೆ ಬೆಳೀತಾ ಬಂದಿತ್ತು, ನಮ್ಮನೆಯವರು ರಿಟೈರ್ ಆದ ವರ್ಷ ದಸರಾ ರಜದಲ್ಲಿ ಕೊನೆಗೂ ಹೊರಟೇಬಿಟ್ವಿ. ನಾವು ಪುಸ್ತಕದಲ್ಲಿ ಸಿರಾಕ್ಯೂಸ್ ಅಂತ ಓದಿದ್ದು, ಅಲ್ಲಿಯವರ ಬಾಯಲ್ಲಿ ಸಿರಾಕೂಸಾ, ಇಟಲಿಯ ಸಿಸಿಲಿ ದ್ವೀಪದಲ್ಲಿದೆ, ಗ್ರೀಸಿನ ಕೊರಿಂಥ್‌ನಿಂದ ಬಂದವ್ರು ಕ್ರಿ.ಪೂ. 734ರ ಸುಮಾರಿಗೆ ಕಟ್ಟಿದ ಊರು.

ನಾವು ನೋಡಿದ ಪ್ಯಾಕೇಜ್ ಟೂರ್‌ಗಳಲ್ಲೆಲ್ಲ ಈ ಊರಿಗೆ ಅರ್ಧ ದಿನ ಅಷ್ಟೇ ಇತ್ತು. ನಮಗೆ ಅದು ಬೇಡ ಅನ್ನಿಸ್ತು, ಐದು ರಾತ್ರಿ ಒಂದೇ ಕಡೆ ಇರೋದು ಅಂತ ತೀರ್ಮಾನ ಮಾಡಿದ್ವಿ. ಷೆಂಗೆನ್ ವೀಸಾಗೆ ರೂಮ್ ಬುಕಿಂಗು, 30,000 ಯೂರೋ ಕವರ್ ಇರೋ ಇನ್ಶೂರೆನ್ಸು ಎಲ್ಲಾ ನಾವೇ ಮಾಡ್ಕೊಂಡ್ವಿ. ಕಟಾನಿಯಾ ಏರ್‌ಪೋರ್ಟಿಂದ ಬಸ್ಸಲ್ಲಿ ಒಂದೂಕಾಲು ಗಂಟೆ ದಾರಿ. ಹಳೇ ಊರು ಇರೋದು ಒರ್ತೀಜಾ ಅನ್ನೋ ಪುಟ್ಟ ದ್ವೀಪದಲ್ಲಿ, ಸೇತುವೆ ದಾಟಿ ಹೋಗ್ಬೇಕು, ಈ ತುದಿಯಿಂದ ಆ ತುದಿಗೆ ನಡೆದ್ರೆ ಅರ್ಧ ಗಂಟೆ ಸಾಕು. ಹೊರಗಿನ ಕಾರುಗಳಿಗೆ ಅಲ್ಲಿ ನಿರ್ಬಂಧ ಇದೆ, ಕ್ಯಾಮೆರಾ ಇಟ್ಟಿದ್ದಾರೆ, ಅದಕ್ಕೇ ನಾವು ಕಾರ್ ಬಾಡಿಗೆಗೆ ತಗೊಳ್ಳಲೇ ಇಲ್ಲ. ಒಂದು ಮಾತು, ಮನೆ ಬುಕ್ ಮಾಡೋ ಮುಂಚೆ ಲಿಫ್ಟ್ ಇದೆಯಾ ಅಂತ ಬರೆದು ಕೇಳಿ. ನಾವು ಕೇಳಿರಲಿಲ್ಲ, ಕಡಿದಾದ ಕಲ್ಲಿನ ಮೆಟ್ಲು ಹತ್ತಿ ಹತ್ತಿ ಮೂರನೇ ದಿನಕ್ಕೆ ಇವರ ಮಂಡಿ ಊದ್ಕೊಂಡು ಒಂದಿಡೀ ಮಧ್ಯಾಹ್ನ ಮಲಗೇ ಇರ್ಬೇಕಾಯ್ತು.

ಊಟಕ್ಕೇನೂ ಕಷ್ಟ ಆಗ್ಲಿಲ್ಲ. ಅಪೊಲೋ ದೇವಸ್ಥಾನದ ಅವಶೇಷಗಳ ಪಕ್ಕದಲ್ಲೇ ಬೆಳಿಗ್ಗೆ ಸಂತೆ ಥರ ಮಾರ್ಕೆಟ್ ಇರತ್ತೆ, ಅಲ್ಲಿಂದ ಬದನೆಕಾಯಿ, ಟೊಮ್ಯಾಟೊ ತಂದು ಮನೇಲೇ ಮಾಡ್ತಿದ್ವಿ, ಚಟ್ನಿಪುಡಿ ಹೇಗೂ ಇತ್ತು. ಹೊರಗೆ ತಿಂದಾಗ ಬದನೆಕಾಯಿ ಹಾಕಿದ ಪಾಸ್ತಾ ಅಲ್ಲಾ ನೋರ್ಮಾ, ಇಲ್ಲಾಂದ್ರೆ ಹುಳಿ ಸಿಹಿ ಬೆರೆತ ಕಪೊನಾತಾ. ಮಾಂಸ ಮೀನು ಬೇಡ ಅನ್ನೋಕೆ ‘ಸೆಂಝಾ ಕಾರ್ನೆ, ಸೆಂಝಾ ಪೆಶೆ’ ಅಂದ್ರೆ ಸಾಕು.

ನೆಯಾಪೊಲಿಸ್ ಅನ್ನೋ ಪುರಾತತ್ವ ಪಾರ್ಕಿಗೆ ಬಾಗಿಲು ತೆಗೆಯೋ ಹೊತ್ತಿಗೇ ಹೋಗಿ, ರಂಗಮಂದಿರದ ಹತ್ರ ನೆರಳೇ ಇಲ್ಲ. ಬೆಟ್ಟದ ಬಂಡೇನೇ ಕಡಿದು ಮಾಡಿದ ರಂಗಮಂದಿರ ಅದು, ಬೇಸಿಗೇಲಿ ಈಗ್ಲೂ ಗ್ರೀಕ್ ನಾಟಕ ಆಡ್ತಾರೆ, ಆಗ ಮೆಟ್ಲಿಗೆಲ್ಲ ಮರದ ಹಲಗೆ ಹೊದಿಸಿರ್ತಾರೆ, ಕಲ್ಲು ಕಾಣ್ಬೇಕು ಅಂದ್ರೆ ನಮ್ಮ ಹಾಗೆ ಅಕ್ಟೋಬರ್ ಒಳ್ಳೇದು. ಪಕ್ಕದಲ್ಲೇ ಹಳೇ ಕಲ್ಲು ಕ್ವಾರಿ, ಈಗ ನಿಂಬೆ ಗಿಡ ತುಂಬಿದೆ. ಕ್ರಿ.ಪೂ. 413ರಲ್ಲಿ ಯುದ್ಧಕ್ಕೆ ಬಂದು ಸೋತ ಸುಮಾರು 7,000 ಅಥೆನ್ಸ್ ಸೈನಿಕರನ್ನ ಈ ಊರಿನ ಇಂಥ ಕ್ವಾರಿಗಳಲ್ಲೇ ಕೂಡಿಹಾಕಿದ್ದು, ಯೂರಿಪಿಡೀಸನ ನಾಟಕದ ಸಾಲು ಬಾಯಿಪಾಠ ಬರ್ತಿದ್ದ ಕೆಲವರು ಅದನ್ನ ಹೇಳಿ ಬದುಕಿಕೊಂಡ್ರು ಅಂತ ಪ್ಲುಟಾರ್ಕ್ ಅನ್ನೋ ಹಳೇ ಗ್ರೀಕ್ ಲೇಖಕ ಬರೆದಿದ್ದಾನೆ. ಇದನ್ನ ಹೇಳಿದ್ದಕ್ಕೆ ಇವರು ತುಂಬಾ ಹೊತ್ತು ಮಾತೇ ಆಡ್ಲಿಲ್ಲ. ಆಮೇಲೆ ಡಯೊನೀಸಿಯಸನ ಕಿವಿ ಅನ್ನೋ 23 ಮೀಟರ್ ಎತ್ತರದ ಗುಹೆ ಒಳಗೆ ಹೋಗಿ, ಯಾರೂ ಇಲ್ಲದಾಗ ಕಣ್ಣು ಮುಚ್ಕೊಂಡು ಒಂದು ಓಂಕಾರ ಹೇಳಿದ್ರು, ಅದು ಮೇಲೆ ಹೋಗಿ ಸುತ್ತಿ ಎಷ್ಟೋ ಹೊತ್ತಾದ್ಮೇಲೆ ನಿಂತಿತು.

ಆರ್ಕಿಮಿಡೀಸನ ಸಮಾಧಿ ಅಂತ ಅಲ್ಲೇ ಒಂದು ತೋರಿಸ್ತಾರೆ, ಅದು ಅವನದ್ದಲ್ಲ, ಆಮೇಲಿನ ರೋಮನ್ನರ ಕಾಲದ್ದು. ರೋಮನ್ನರು ಕ್ರಿ.ಪೂ. 212ರಲ್ಲಿ ಊರು ಹಿಡಿದಾಗ ಅವನ ಕೊಲೆ ಆಯ್ತು. ಸುಮಾರು 137 ವರ್ಷದ ಮೇಲೆ ಸಿಸೆರೋ ಅನ್ನೋ ರೋಮನ್ ರಾಜಕಾರಣಿ ಸಿಸಿಲಿಗೆ ಅಧಿಕಾರಿಯಾಗಿ ಬಂದು, ಮುಳ್ಳುಪೊದೆ ಮಧ್ಯೆ ಗೋಳ ಸಿಲಿಂಡರ್ ಕೆತ್ತಿದ ಕಂಬ ನೋಡಿ ಸಮಾಧಿ ಗುರುತು ಹಿಡಿದನಂತೆ. ಸಿಲಿಂಡರಿನ ಒಳಗೆ ಸರಿಯಾಗಿ ಕೂರೋ ಗೋಳದ ಘನಫಲ ಸಿಲಿಂಡರಿನ ಮೂರನೇ ಎರಡು ಭಾಗ, ಎಷ್ಟು ವರ್ಷ ಬೋರ್ಡ್ ಮೇಲೆ ಬರೆದಿದ್ದೀನಿ ಇದನ್ನ. ಅವನದ್ದಲ್ಲ ಅಂತ ಗೊತ್ತಿದ್ರೂ ಬೇಲಿ ಹತ್ರ ನಿಂತು ಕೈ ಮುಗಿದೆ.

ಆದ್ರೆ ಮನಸ್ಸಲ್ಲಿ ಉಳ್ಕೊಂಡಿದ್ದು ಒರ್ತೀಜಾದ ದುವೋಮೊ, ಅಲ್ಲಿನ ದೊಡ್ಡ ಚರ್ಚು. ಮುಂದಿನಿಂದ ನೋಡಿದ್ರೆ ಭೂಕಂಪ ಆದ್ಮೇಲೆ 18ನೇ ಶತಮಾನದಲ್ಲಿ ಕಟ್ಟಿದ ಬೆಳ್ಳಗಿನ, ಬರೋಕ್ ಅನ್ನೋ ಅಲಂಕಾರದ ಶೈಲಿಯ ಮುಂಭಾಗ. ಮೊದಲ ದಿನ ಅಷ್ಟೇ ನೋಡ್ಕೊಂಡು ಬಂದಿದ್ವಿ. ಎರಡನೇ ದಿನ ಪಕ್ಕದ ಓಣೀಲಿ ಹೋಗ್ತಾ ಇವರು ನಿಂತು ‘ಇಲ್ನೋಡೇ, ಗೋಡೆ ಒಳಗೆ ಕಂಬ!’ ಅಂದ್ರು. ಕ್ರಿ.ಪೂ. 480ರಲ್ಲಿ ಹಿಮೆರಾ ಯುದ್ಧ ಗೆದ್ದ ಮೇಲೆ ಕಟ್ಟಿದ ಅಥೀನಾ ದೇವಸ್ಥಾನದ, ಡೋರಿಕ್ ಅನ್ನೋ ಹಳೇ ಗ್ರೀಕ್ ಶೈಲಿಯ ಕಂಬಗಳು ಅವು. 7ನೇ ಶತಮಾನದಲ್ಲಿ ಚರ್ಚ್ ಮಾಡಿದವ್ರು ದೇವಸ್ಥಾನ ಕೆಡವಲಿಲ್ಲ, ಹೊರಗಿನ ಕಂಬಗಳ ಸಂದಿಗೆ ಗೋಡೆ ಕಟ್ಟಿದ್ರು, ಒಳಗಿನ ಗರ್ಭಗುಡಿ ಗೋಡೆಯಲ್ಲಿ ಕಮಾನು ಕೊರೆದ್ರು, ಬಯಲಾಗಿದ್ದದ್ದು ಗೋಡೆ ಆಯ್ತು, ಗೋಡೆ ಇದ್ದಲ್ಲಿ ದಾರಿ ಆಯ್ತು. ಅರಬ್ಬರ ಕಾಲದಲ್ಲಿ ಅದೇ ಮಸೀದಿನೂ ಆಗಿತ್ತು. ಒಳಗೆ ಹೋದ್ರೆ ಪಕ್ಕದ ಸಾಲಿನ ಕಂಬಗಳನ್ನ ಕೈಯಿಂದ ಮುಟ್ಟಬಹುದು.

ಆಮೇಲೆ ದಿನಾ ಸಂಜೆ ಅಲ್ಲಿಗೇ ಹೋಗ್ತಿದ್ವಿ. ಕೊನೇ ದಿನ ಬಸ್ಸಿಗೆ ಇನ್ನೂ ಟೈಮ್ ಇತ್ತು, ‘ರೀ, ಇನ್ನೊಂದ್ಸಲ’ ಅಂದೆ. ಸೂಟ್‌ಕೇಸ್ ಎಳ್ಕೊಂಡೇ ಆ ಓಣಿಗೆ ಹೋದ್ವಿ. ಕಂಬದ ಮೈಯುದ್ದ ಇಳಿದ ಗೆರೆಯ ಹಳ್ಳದಲ್ಲಿ ಅಂಗೈ ಇಟ್ಟೆ, ಸರಿಯಾಗಿ ಕೂತಿತು, ಬೆಳಗಿನ ಹೊತ್ತು, ಕಲ್ಲು ಇನ್ನೂ ತಣ್ಣಗಿತ್ತು.