ಲಾಯ ಬಿಟ್ಟು 2,200 ಕಿ.ಮೀ.: ಕುದುರೆಯೊಂದಿಗೆ ಈವೆಂಟಿಂಗ್ ಕೂಟಕ್ಕೆ ಹೊರಡುವುದು ಹೇಗೆ?

ಬೆಂಗಳೂರಿನಿಂದ ಮೀರತ್‌ಗೆ ರಸ್ತೆಯ ಮೇಲೆ ಹೆಚ್ಚುಕಡಿಮೆ 2,200 ಕಿ.ಮೀ. ಬೆಳಿಗ್ಗೆ ವಿಮಾನ ಹತ್ತಿದ ಸವಾರ ಸಂಜೆಯೊಳಗೆ ಅಲ್ಲಿರುತ್ತಾನೆ. ಅವನ ಕುದುರೆಗೆ ನಾಲ್ಕೈದು ದಿನ ಬೇಕು, ಅದೂ ಬಹುಪಾಲು ಲಾರಿಯಲ್ಲಿ ನಿಂತುಕೊಂಡೇ. ಈವೆಂಟಿಂಗ್‌ನ ದೊಡ್ಡ ಕೂಟಗಳು ನಮ್ಮಲ್ಲಿ ಹೆಚ್ಚಾಗಿ ಉತ್ತರದ ಸೇನಾ ಕೇಂದ್ರಗಳಲ್ಲಿ, ಚಳಿಗಾಲದ ಆಸುಪಾಸಿನಲ್ಲಿ ನಡೆಯುವುದರಿಂದ ದಕ್ಷಿಣದ ಸವಾರರಿಗೆ ಈ ಪ್ರಯಾಣ ತಪ್ಪಿದ್ದಲ್ಲ.

ಈ ಆಟದ ಪರಿಚಯ ಇಲ್ಲದವರಿಗೆ ಒಂದು ಮಾತು. ಈವೆಂಟಿಂಗ್ ಎಂದರೆ ಒಂದೇ ಕುದುರೆ, ಒಬ್ಬನೇ ಸವಾರ, ಮೂರು ಪರೀಕ್ಷೆ. ಮೊದಲು ಡ್ರೆಸಾಜ್, ಅಂದರೆ ಅಂಗಳದಲ್ಲಿ ಶಿಸ್ತಿನ ನಡೆ. ಆಮೇಲೆ ಬಯಲಿನಲ್ಲಿ ಮರದ ದಿಮ್ಮಿ, ಹಳ್ಳ, ನೀರುಗುಂಡಿಗಳನ್ನು ಹಾರುತ್ತಾ ಓಡುವ ಕ್ರಾಸ್‌ಕಂಟ್ರಿ. ಕೊನೆಗೆ ಬಣ್ಣದ ಕಂಬಗಳನ್ನು ಬೀಳಿಸದೆ ದಾಟುವ ಷೋ ಜಂಪಿಂಗ್. ಎಲ್ಲದರಲ್ಲೂ ದಂಡದ ಅಂಕಗಳೇ. ಕಡಿಮೆ ಇದ್ದವನು ಮುಂದೆ. ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಗೇಮ್ಸ್‌ನಲ್ಲಿ ವೈಯಕ್ತಿಕ ಬೆಳ್ಳಿ ಗೆದ್ದು, ತಂಡದ ಬೆಳ್ಳಿಯಲ್ಲೂ ಪಾಲು ಪಡೆದ ಮೇಲೆ ಈ ಹೆಸರು ನಮ್ಮ ಕ್ರೀಡಾಪುಟಗಳಿಗೆ ಬಂತು.

ದೂರದ ಕೂಟಗಳಲ್ಲಿ ಕುದುರೆ ಕೆಡುವುದು ಬಹಳ ಸಲ ಲಾರಿಯಲ್ಲಿ ಮತ್ತು ಹೊಸ ಲಾಯದಲ್ಲಿ. ಮೈದಾನದಲ್ಲಿ ಅದರ ಫಲ ಕಾಣುತ್ತದೆ, ಅಷ್ಟೆ. ಹಾಗಾಗಿ ಈ ಲೇಖನದಲ್ಲಿ ಜಿಗಿತಕ್ಕಿಂತ ಹುಲ್ಲು ನೀರಿನ ಮಾತು ಹೆಚ್ಚು.

ಎರಡು ತಿಂಗಳು ಮುಂಚೆ: ಕಾಗದಪತ್ರ

ಮೊದಲು ಕುದುರೆಯ ಪಾಸ್‌ಪೋರ್ಟ್ ತೆರೆದು ಲಸಿಕೆಯ ಪುಟ ನೋಡಿ. ಅಂತರರಾಷ್ಟ್ರೀಯ ಅಶ್ವಕ್ರೀಡಾ ಒಕ್ಕೂಟದ ನಿಯಮದಂತೆ ಕುದುರೆ ಕೂಟಕ್ಕೆ ಬರುವ ಹೊತ್ತಿಗೆ ಇನ್‌ಫ್ಲುಯೆಂಜಾ ಲಸಿಕೆ ಹಾಕಿ 6 ತಿಂಗಳು 21 ದಿನ ಮೀರಿರಬಾರದು. ಹಾಗೆಂದು ಹೊರಡುವ ಹಿಂದಿನ ದಿನ ಹಾಕಿಸಿದರೂ ನಡೆಯದು, ತಲುಪುವ ಹಿಂದಿನ 7 ದಿನಗಳಲ್ಲಿ ಲಸಿಕೆ ನಿಷಿದ್ಧ.

ಎರಡನೆಯದು ಗ್ಲ್ಯಾಂಡರ್ಸ್ ಪರೀಕ್ಷೆ. ಮನುಷ್ಯರಿಗೂ ಅಂಟುವ ಈ ಬ್ಯಾಕ್ಟೀರಿಯಾ ರೋಗ ಎಲ್ಲಿಯಾದರೂ ದೃಢಪಟ್ಟರೆ ಸುತ್ತಲಿನ ಪ್ರದೇಶದಲ್ಲಿ ಕುದುರೆ, ಕತ್ತೆ, ಹೇಸರಗತ್ತೆಗಳ ಸಾಗಾಟಕ್ಕೆ ತಡೆ ಬೀಳುತ್ತದೆ. ಈ ಪರೀಕ್ಷೆಯಲ್ಲಿ ದೇಶಕ್ಕೆ ಹಿರಿಯ ಪ್ರಯೋಗಾಲಯ ಹಿಸ್ಸಾರ್‌ನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ. ರಕ್ತದ ಮಾದರಿ ತಲುಪಿ ವರದಿ ಬರಲು ಹಿಡಿಯುವ ಸಮಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಬೇಗ ಮಾಡಿಸಿದರೆ ವರದಿ ಹಳೆಯದಾಗುತ್ತದೆ, ತಡವಾದರೆ ಕೈ ಸೇರುವುದಿಲ್ಲ. ಎಷ್ಟು ದಿನದೊಳಗಿನ ವರದಿ ಬೇಕೆಂದು ಸಂಘಟಕರಿಂದ ಬರಹದಲ್ಲೇ ಪಡೆದುಕೊಳ್ಳಿ. ಈ ಕಟ್ಟುನಿಟ್ಟನ್ನು ಶಪಿಸಬೇಡಿ. ರೋಗದ ಭಯದಿಂದಲೇ ನಮ್ಮ ಕುದುರೆಗಳು ಹೊರದೇಶಕ್ಕೆ ಹೋಗಲಾಗದೆ, ದೊಡ್ಡ ಸವಾರರು ಯುರೋಪಿನಲ್ಲೇ ಕುದುರೆ ಇಟ್ಟುಕೊಂಡು ಆಡಬೇಕಾಗಿ ಬಂತು. ಮೀರತ್‌ನ ಸೇನಾ ಪಶುವೈದ್ಯ ಕೇಂದ್ರ 2025ರ ಜುಲೈನಲ್ಲಿ ಅಶ್ವರೋಗಮುಕ್ತ ಆವರಣ ಎಂಬ ಅಂತರರಾಷ್ಟ್ರೀಯ ಮಾನ್ಯತೆ ಪಡೆದದ್ದು ಇದೇ ಕಟ್ಟುನಿಟ್ಟಿನಿಂದ.

ಪಾಸ್‌ಪೋರ್ಟಿನ ಚಿತ್ರದಲ್ಲಿ ಕುದುರೆಯ ಸುಳಿಗಳನ್ನು ಗುರುತು ಹಾಕಿರುತ್ತಾರೆ. ನಮ್ಮ ಹಿರಿಯರು ಸುಳಿ ನೋಡಿ ಯಜಮಾನನ ಭಾಗ್ಯ ಹೇಳುತ್ತಿದ್ದರು. ಕೂಟದ ಬಾಗಿಲಿನಲ್ಲಿ ನಿಂತ ಪಶುವೈದ್ಯರು ಅದೇ ಸುಳಿ ನೋಡಿ ಇದು ನಿಮ್ಮದೇ ಕುದುರೆಯೋ ಅಲ್ಲವೋ ಎಂದು ಹೇಳುತ್ತಾರೆ. ಚಿತ್ರಕ್ಕೂ ಮೈಗೂ ತಾಳೆಯಾಗುತ್ತದೆಯೇ ಎಂದು ಮನೆಯಲ್ಲೇ ನೋಡಿಕೊಳ್ಳುವುದು ಒಳ್ಳೆಯದು.

ಲಾಳವನ್ನು ಹೊರಡುವ ವಾರ–ಹತ್ತು ದಿನ ಮೊದಲು ಕಟ್ಟಿಸಿ. ಮೊಳೆ ಎಲ್ಲಾದರೂ ಚುಚ್ಚಿದ್ದರೆ ಮನೆಯಲ್ಲಿರುವಾಗಲೇ ಗೊತ್ತಾಗಲಿ. ಅದೇ ಅಳತೆಗೆ ಬಗ್ಗಿಸಿದ ಇನ್ನೊಂದು ಜೊತೆ ಲಾಳ ಪೆಟ್ಟಿಗೆಯಲ್ಲಿರಲಿ.

ಹುಲ್ಲು, ನೀರು

ಕುದುರೆಯ ಹೊಟ್ಟೆ ಹೊಸತನವನ್ನು ಸಹಿಸದು. ದೊಡ್ಡ ಕರುಳಿನಲ್ಲಿ ಹುಲ್ಲು ಹುದುಗಿಸುವ ಸೂಕ್ಷ್ಮಜೀವಿಗಳು ಹೊಸ ಮೇವಿಗೆ ಒಗ್ಗಲು ವಾರ, ಹತ್ತು ದಿನ ಬೇಕು. ಅಷ್ಟು ವ್ಯವಧಾನ ನಿಮಗಿರುವುದಿಲ್ಲ. ಹಾಗಾಗಿ ಹುಲ್ಲು ಮನೆಯಿಂದಲೇ ಹೋಗಬೇಕು. 500 ಕೆ.ಜಿ. ತೂಕದ ಕುದುರೆಗೆ ದಿನಕ್ಕೆ ಕನಿಷ್ಠ ಏಳೂವರೆ ಕೆ.ಜಿ. ಒಣಹುಲ್ಲು ಬೇಕು, 10 ಎಂದು ಹಿಡಿಯಿರಿ. ಹೋಗುವ ದಾರಿ, ಅಲ್ಲಿನ ವಾಸ, ಬರುವ ದಾರಿ ಸೇರಿ 16 ದಿನವಾದರೆ 160 ಕೆ.ಜಿ. ಲಾರಿಯಲ್ಲಿ ಇಷ್ಟು ಜಾಗ ಇಲ್ಲ ಎಂದರೆ ಸೂಟ್‌ಕೇಸ್ ಕಡಿಮೆ ಮಾಡಿ.

ಉತ್ತರದಲ್ಲಿ ಚಳಿಗಾಲವೆಂದರೆ ಬರ್ಸೀಮ್ ಮೇವಿನ ಕಾಲ. ರಸಭರಿತ ಹಸಿರು, ಅಗ್ಗ, ಅಲ್ಲಿನ ಕುದುರೆಗಳು ಸಂತೋಷವಾಗಿ ತಿನ್ನುತ್ತವೆ. ಯಾರೋ ಪ್ರೀತಿಯಿಂದ ಒಂದು ಹೊರೆ ತಂದು ನಿಮ್ಮ ಲಾಯದ ಮುಂದೆ ಇಡುತ್ತಾರೆ. ಧನ್ಯವಾದ ಹೇಳಿ ಪಕ್ಕಕ್ಕಿಡಿ. ಮನೆಯಲ್ಲಿ ಒಣಹುಲ್ಲು, ಸ್ವಲ್ಪ ಕುದುರೆ ಮೆಂತೆ ತಿಂದುಕೊಂಡಿದ್ದ ಕುದುರೆಗೆ ಅದನ್ನು ಒಮ್ಮೆಲೇ ತಿನ್ನಿಸಿದರೆ ರಾತ್ರಿಯೆಲ್ಲ ಹೊಟ್ಟೆಯುಬ್ಬರದ ಕುದುರೆಯನ್ನು ನಡೆಸುತ್ತಾ ಇರಬೇಕಾಗುತ್ತದೆ.

ನೀರಿನ ಕಷ್ಟ ಬೇರೆ. ರುಚಿ, ವಾಸನೆ ಬದಲಾದರೆ ಕುದುರೆ ಮೂಗು ಅದ್ದಿ ಹಿಂದೆ ಸರಿಯುತ್ತದೆ. ಹೊರಡುವ ವಾರದ ಮೊದಲಿನಿಂದಲೇ ಬಕೆಟ್‌ಗೆ ಒಂದು ತುಂಡು ಬೆಲ್ಲ ಕರಗಿಸಿ ರೂಢಿ ಮಾಡಿಸಿ. ಅಲ್ಲೂ ಅದೇ ಬೆಲ್ಲ ಹಾಕಿದರೆ ಊರಿನ ನೀರು ಯಾವುದೆಂದು ಅದಕ್ಕೆ ತಿಳಿಯುವುದಿಲ್ಲ. ಪಕ್ಕದಲ್ಲಿ ಏನೂ ಬೆರೆಸದ ನೀರಿನ ಬಕೆಟ್ ಕೂಡ ಯಾವಾಗಲೂ ಇರಲಿ.

ಲಾರಿಯಲ್ಲಿ

ಕುದುರೆಯ ಶ್ವಾಸನಾಳ ಶುಚಿಯಾಗುವುದು ತಲೆ ಕೆಳಗಿಳಿಸಿದಾಗ. ತಲೆ ಎತ್ತಿ ಕಟ್ಟಿ ದಿನಗಟ್ಟಲೆ ನಿಲ್ಲಿಸಿದರೆ ದೂಳು, ಲೋಳೆ ಶ್ವಾಸಕೋಶಕ್ಕೆ ಇಳಿದು ಪ್ರಯಾಣದ ಜ್ವರ ಬರುತ್ತದೆ. ಬಿಟ್ಟರೆ ಅದು ನ್ಯುಮೋನಿಯಾ. ಆದ್ದರಿಂದ ಹಗ್ಗ ಉದ್ದವಿರಲಿ, ಹುಲ್ಲನ್ನು ನೆನೆಸಿಯೇ ಕಟ್ಟಿ, ನಾಲ್ಕು ಗಂಟೆಗೊಮ್ಮೆ ಲಾರಿ ನಿಲ್ಲಿಸಿ. ನಿಂತಾಗ ನೀರು ಒಡ್ಡಿ, ತಲೆ ಬಗ್ಗಿಸಲು ಅವಕಾಶ ಕೊಡಿ. ಹೈದರಾಬಾದ್, ನಾಗಪುರ, ಝಾನ್ಸಿ ದಾಟುವ 44ನೇ ಹೆದ್ದಾರಿಯಲ್ಲಿ ರಾತ್ರಿ ಕುದುರೆಯನ್ನು ಇಳಿಸಿ ಕಟ್ಟುವ ಜಾಗಗಳನ್ನು ಮೊದಲೇ ಗೊತ್ತು ಮಾಡಿಕೊಳ್ಳಬೇಕು. ಕತ್ತಲಾದ ಮೇಲೆ ಹುಡುಕಲು ಹೊರಟರೆ ಕುದುರೆಗೂ ನಿದ್ದೆಯಿಲ್ಲ, ಚಾಲಕನಿಗೂ ಇಲ್ಲ. ಆಗ್ರಾದಿಂದ ಮುಂದೆ ಚಳಿಗಾಲದ ಮಂಜಿನಲ್ಲಿ ನಸುಕಿನ ಪ್ರಯಾಣ ಬೇಡವೇ ಬೇಡ.

ದಾಣಿಯನ್ನು ದಾರಿಯುದ್ದಕ್ಕೂ ಅರ್ಧಕ್ಕಿಂತ ಕಡಿಮೆ ಮಾಡಿ. ಪ್ರತಿ ನಿಲುಗಡೆಯಲ್ಲಿ ನೋಡಬೇಕಾದದ್ದು ಇಷ್ಟು: ಮೇಲ್ತುಟಿ ಎತ್ತಿ ವಸಡನ್ನು ಹೆಬ್ಬೆರಳಿನಿಂದ ಒತ್ತಿ ಬಿಡಿ. ಬಿಳಿಚಿದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗಬೇಕು, ಬೆರಳಿಗೆ ವಸಡು ಒದ್ದೆಯಾಗಿ ಜಾರಬೇಕು. ಅಂಟಿದರೆ ಮೈಯಲ್ಲಿ ನೀರು ಕಡಿಮೆಯಾಗಿದೆ. ಹೆಗಲಿನ ಮುಂದಿನ ಚರ್ಮ ಚಿವುಟಿ ಬಿಟ್ಟಾಗ ಮಡಿಕೆ ಹಾಗೇ ನಿಂತರೂ ಅದೇ ಅರ್ಥ. ಲದ್ದಿಯ ಎಣಿಕೆ ಇಟ್ಟುಕೊಳ್ಳಿ. ನಾಚಿಕೆ ಬೇಡ, ಕುದುರೆಯವರ ಮಾತುಕತೆಯಲ್ಲಿ ಅರ್ಧ ಅದೇ ಇರುತ್ತದೆ.

ತಲುಪಿದ ಮೇಲೆ

ಸ್ಪರ್ಧೆಗೆ ನಾಲ್ಕೈದು ದಿನವಾದರೂ ಮೊದಲು ಅಲ್ಲಿರಬೇಕು. ಮೊದಲ ದಿನ ಸವಾರಿ ಇಲ್ಲ, ಕೈಯಲ್ಲಿ ಹಿಡಿದು ನಡೆಸುವುದಷ್ಟೇ. ಬೆಳಿಗ್ಗೆ ಸಂಜೆ ಜ್ವರ ನೋಡಿ ಬಾಗಿಲ ಹಲಗೆಯ ಮೇಲೆ ಬರೆಯಿರಿ. 37.5ರಿಂದ 38.5 ಡಿಗ್ರಿ ಸೆಲ್ಸಿಯಸ್ ಸರಿ, ಅದಕ್ಕಿಂತ ಮೇಲೆ ಹೋದರೆ ಪಶುವೈದ್ಯರನ್ನು ಕರೆಯಿರಿ.

ಬೆಂಗಳೂರಿನ ಕುದುರೆಗೆ ಉತ್ತರದ ರಾತ್ರಿಯ ಚಳಿ ಹೊಸದು. ರೋಮ ತೆಳು, ಕಂಬಳಿ ಬೇಕು. ಅದಕ್ಕಿಂತ ಮುಖ್ಯವಾದದ್ದು ತಣ್ಣೀರನ್ನು ಅದು ಕಡಿಮೆ ಕುಡಿಯುತ್ತದೆ ಎಂಬುದು. ಒಣಹುಲ್ಲು ತಿಂದು ನೀರು ಕುಡಿಯದಿದ್ದರೆ ಕರುಳಿನಲ್ಲಿ ಮೇವು ಗಟ್ಟಿಯಾಗಿ ಶೂಲೆ ಬರುತ್ತದೆ. ನೀರನ್ನು ಉಗುರುಬೆಚ್ಚಗೆ ಮಾಡಿ ಕೊಡಿ, ದಾಣಿಗೆ ಒಂದು ಹಿಡಿ ಉಪ್ಪು ಬೆರೆಸಿ. ತಾನೇ ತುಂಬಿಕೊಳ್ಳುವ ನೀರಿನ ಬಟ್ಟಲು ಇದ್ದರೂ ಮುಚ್ಚಿ ಬಕೆಟ್ ಇಡಿ. ಎಷ್ಟು ಇಳಿಯಿತು ಎಂದು ಬಕೆಟ್ ಮಾತ್ರ ಹೇಳುತ್ತದೆ. ದಿನಕ್ಕೆ 25 ಲೀಟರಾದರೂ ಇಳಿಯಬೇಕು.

ಉದ್ದೀಪನ ಮದ್ದಿನ ನಿಯಮ ಬಹಳ ಸೂಕ್ಷ್ಮ. ಕೆಫೀನ್, ಚಾಕೊಲೇಟಿನಲ್ಲಿರುವ ಥಿಯೋಬ್ರೊಮಿನ್, ನೋವಿನ ಮುಲಾಮುಗಳಲ್ಲಿರುವ ಮೆಣಸಿನ ಖಾರದ ಅಂಶ, ಎಲ್ಲವೂ ಪಟ್ಟಿಯಲ್ಲಿವೆ. ಕಾಫಿ ಕುಡಿದ ಲೋಟವನ್ನು ದಾಣಿಯ ಡಬ್ಬಿಯಲ್ಲಿ ಅದ್ದುವುದು, ಬೆನ್ನಿಗೆ ಮುಲಾಮು ತಿಕ್ಕಿಕೊಂಡ ಕೈಯಲ್ಲೇ ಲಗಾಮು ಹಿಡಿಯುವುದು ಬೇಡ. ಲಾಯದ ಮೂಲೆಯಲ್ಲಿ ಮೂತ್ರ ಮಾಡುವುದಂತೂ ಕೂಡದು. ಮನುಷ್ಯ ನುಂಗಿದ ಮಾತ್ರೆ ಆ ಹುಲ್ಲಿನ ಮೂಲಕ ಕುದುರೆಯ ರಕ್ತ ಸೇರಬಹುದು.

ಕುದುರೆ ನೋಡಿಕೊಳ್ಳುವ ಸೈಸ್ ಎಲ್ಲಿ ಮಲಗುತ್ತಾನೆ, ಏನು ಉಣ್ಣುತ್ತಾನೆ ಎಂದು ವಿಚಾರಿಸುವುದು ನಿಮ್ಮ ಕೆಲಸ. ಹೋಟೆಲಿನ ಹೀಟರ್ ಪಕ್ಕ ಮಲಗಿದ ಸವಾರನಿಗೆ ಲಾಯದ ಮೂಲೆಯಲ್ಲಿ ನಡುಗುವವನ ನೆನಪಿರದ ಎಷ್ಟೋ ಉದಾಹರಣೆಗಳಿವೆ. “ಇವತ್ತು ಏನೋ ಸರಿಯಿಲ್ಲ ಸಾರ್” ಎಂದು ನಸುಕಿನಲ್ಲಿ ಮೊದಲು ಹೇಳುವವನು ಅವನೇ.

ತಪಾಸಣೆ ಮತ್ತು ಡ್ರೆಸಾಜ್

ಡ್ರೆಸಾಜ್‌ಗೆ ಮುನ್ನ ಒಂದು ತಪಾಸಣೆ, ಷೋ ಜಂಪಿಂಗ್‌ಗೆ ಮುನ್ನ ಇನ್ನೊಂದು. ತೀರ್ಪುಗಾರರು, ಪಶುವೈದ್ಯರ ಮುಂದೆ ಕುದುರೆಯನ್ನು ಕೈಯಲ್ಲಿ ಹಿಡಿದು ನಡೆಸಿ, ಕುಕ್ಕುಲೋಟದಲ್ಲಿ ಓಡಿಸಿ ತೋರಿಸಬೇಕು. ಲಗಾಮು ಸಡಿಲ ಹಿಡಿಯಿರಿ; ಬಿಗಿಹಿಡಿದರೆ ತಲೆ ಓರೆಯಾಗಿ, ಚೆನ್ನಾಗಿರುವ ಕುದುರೆಯೂ ಕುಂಟಿದಂತೆ ಕಾಣುತ್ತದೆ.

ಡ್ರೆಸಾಜ್ ಬೆಳಿಗ್ಗೆ ಕುದುರೆ ಚಳಿಗೆ ಬಿರುಸಾಗಿರುತ್ತದೆ. ಒಂದೇ ಸಲ ದೀರ್ಘವಾಗಿ ದುಡಿಸುವ ಬದಲು ನಸುಕಿನಲ್ಲಿ ಅರ್ಧ ಗಂಟೆ, ಸ್ಪರ್ಧೆಗೆ ಮುನ್ನ ಅರ್ಧ ಗಂಟೆ ಸವಾರಿ ಮಾಡಿ. ಗಂಟೆ ಬಾರಿಸಿದ ಮೇಲೆ 45 ಸೆಕೆಂಡಿನಲ್ಲಿ ಅಂಗಳ ಪ್ರವೇಶಿಸಬೇಕು. ಶೇಕಡಾ 70 ಬಂದರೆ ದಂಡ 30.

ಕ್ರಾಸ್‌ಕಂಟ್ರಿ

ದಾರಿಯನ್ನು ಮೂರು ಸಲ ಕಾಲ್ನಡಿಗೆಯಲ್ಲಿ ನೋಡಿ. ಮೊದಲ ಸಲ ಸುಮ್ಮನೆ, ಕುದುರೆಯ ಕಣ್ಣಿನಿಂದ. ಎರಡನೇ ಸಲ ತರಬೇತುದಾರರ ಜೊತೆ, ಪ್ರತಿ ತಡೆಯ ಮುಂದೆ ನಿಂತು. ಕೆಂಪು ಬಾವುಟ ಬಲಕ್ಕೆ, ಬಿಳಿ ಎಡಕ್ಕೆ, ನಡುವೆ ಹಾರಬೇಕು. ನೇರ ದಾರಿ ಕೈಕೊಟ್ಟರೆ ಬಳಸು ದಾರಿ ಯಾವುದೆಂದು ಅಲ್ಲೇ ತೀರ್ಮಾನವಾಗಲಿ. ಮೂರನೇ ಸಲ ನಿಮ್ಮ ಸರದಿ ಬರುವ ಗಂಟೆಗೇ ಹೋಗಿ. ಚಳಿಗಾಲದ ಓರೆಬಿಸಿಲು ಯಾವ ತಡೆಯ ಹಿಂದಿನಿಂದ ಕಣ್ಣಿಗೆ ಹೊಡೆಯುತ್ತದೆ, ಯಾವ ಮರದ ನೆರಳು ನೀರಿನ ಮೇಲೆ ಬಿದ್ದಿದೆ ಎಂದು ಆಗಲೇ ಕಾಣುವುದು.

ಆ ನಡಿಗೆಯಲ್ಲಿ ಅಳತೆ ಚಕ್ರ ಕೈಯಲ್ಲಿರಲಿ. ಕೂಟದ ಕಷ್ಟವನ್ನು ನಕ್ಷತ್ರಗಳಲ್ಲಿ ಹೇಳುತ್ತಾರೆ; ಎರಡು ನಕ್ಷತ್ರದ ಮಟ್ಟದಲ್ಲಿ ನಿಗದಿತ ವೇಗ ನಿಮಿಷಕ್ಕೆ 520 ಮೀಟರ್. ದಾರಿ 3,120 ಮೀಟರ್ ಇದ್ದರೆ ಕಾಲಾವಕಾಶ 6 ನಿಮಿಷ. ಚಕ್ರ 520ಕ್ಕೆ ಬಂದಲ್ಲಿ ಒಂದು ಗುರುತು, 1,040ರಲ್ಲಿ ಇನ್ನೊಂದು: ಬೇವಿನ ಮರ, ನಾಲ್ಕನೇ ತಡೆಯ ಇಳಿಜಾರು, ಹೀಗೆ. ಓಡುವಾಗ ಕೈಗಡಿಯಾರ ನಿಮಿಷಕ್ಕೊಮ್ಮೆ ಸದ್ದು ಮಾಡಿದಾಗ ಆ ಗುರುತಿನ ಹತ್ತಿರ ಇದ್ದೀರಾ ನೋಡಿಕೊಳ್ಳಿ. ಹಿಂದೆ ಬಿದ್ದವರು ವೇಗ ಹೆಚ್ಚಿಸಲು ಹೋಗಿ ಕುದುರೆಯನ್ನು ದಣಿಸುತ್ತಾರೆ. ತಿರುವು ಉಳಿಸುವುದು ಜಾಣತನ. ಹತ್ತು ತಿರುವಿನಲ್ಲಿ ತಲಾ ಐದು ಮೀಟರ್ ಅಗಲ ಹೋದರೆ 50 ಮೀಟರ್, ಅಂದರೆ ಸುಮಾರು ಆರು ಸೆಕೆಂಡ್. ತಡವಾದ ಪ್ರತಿ ಸೆಕೆಂಡಿಗೆ ದಂಡ 0.4. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಡ್ರೆಸಾಜ್‌ನ 28.00 ಅಂಕದೊಂದಿಗೆ ಮುಂಚೂಣಿಯಲ್ಲಿದ್ದ ಫವಾದ್, ಯಾವ ತಡೆಯಲ್ಲೂ ಎಡವದೆ, ಕೇವಲ ಸಮಯಕ್ಕೆ 11.20 ಅಂಕ ತೆತ್ತು ಕೆಳಗಿಳಿದರು. ಕುದುರೆ ಒಮ್ಮೆ ನಿರಾಕರಿಸಿದರೆ 20, ಅದೇ ತಡೆಯಲ್ಲಿ ಮತ್ತೊಮ್ಮೆ ನಿಂತರೆ ಇನ್ನೂ 40. ಸವಾರ ಬಿದ್ದರೆ ಆಟ ಅಲ್ಲಿಗೇ ಮುಗಿಯಿತು.

ಮುಗಿಗೆರೆ ದಾಟಿದ ಕೂಡಲೇ ಇಳಿದು ಜೀನಿನ ಪಟ್ಟಿ ಸಡಿಲಿಸಿ. ಮೈಮೇಲೆ ತಣ್ಣೀರು ಸುರಿಯುತ್ತಲೇ ಇರಿ, ನಡುವೆ ನಡೆಸಿ, ಮತ್ತೆ ಸುರಿಯಿರಿ. ಬಿಸಿಯಾದ ಕುದುರೆಗೆ ತಣ್ಣೀರು ತಾಗಿದರೆ ಸ್ನಾಯು ಹಿಡಿಯುತ್ತದೆ, ಕುಡಿಸಿದರೆ ಹೊಟ್ಟೆ ಕೆಡುತ್ತದೆ ಎನ್ನುವ ಹಳಬರು ಈಗಲೂ ಇದ್ದಾರೆ. ಅದು ನಿಜವಲ್ಲ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗಾಗಿ ನಡೆದ ಅಧ್ಯಯನಗಳ ನಂತರ ಜಗತ್ತಿನೆಲ್ಲೆಡೆ ಹೀಗೆಯೇ ತಣಿಸುತ್ತಾರೆ. ಕುಡಿಯಲು ಬಿಡಿ. ಹತ್ತು ನಿಮಿಷದಲ್ಲಿ ಉಸಿರು, ಎದೆಬಡಿತ ಸ್ಪಷ್ಟವಾಗಿ ಇಳಿಮುಖವಾಗದಿದ್ದರೆ ಪಶುವೈದ್ಯರು ಬೇಕು.

ಆ ರಾತ್ರಿ ಕಾಲುಗಳ ಮೇಲೆ ಕೈಯಾಡಿಸಿ ಕಾವು, ಊತ ಹುಡುಕಿ. ಒಂದು ಕಾಲನ್ನು ಇನ್ನೊಂದಕ್ಕೆ ಹೋಲಿಸಿ ನೋಡಬೇಕು, ಆಗ ಮಾತ್ರ ವ್ಯತ್ಯಾಸ ತಿಳಿಯುತ್ತದೆ. ಮಂಜುಗಡ್ಡೆ ಕಟ್ಟಿ, ಮಣ್ಣಿನ ಲೇಪ ಹಾಕಿ, ಎರಡು ಮೂರು ಗಂಟೆಗೊಮ್ಮೆ ಹತ್ತು ನಿಮಿಷ ನಡೆಸಿ, ಆಮೇಲೆ ಮಲಗಲು ಬಿಡಿ. ರಾತ್ರಿಯಿಡೀ ಕೆದಕುತ್ತಿದ್ದರೆ ಅದಕ್ಕೂ ಸಾಕಾಗಿಹೋಗುತ್ತದೆ.

ಕೊನೆಯ ದಿನ

ಒಂದು ಕಂಬ ಬಿದ್ದರೆ ನಾಲ್ಕು ಅಂಕ. ದಣಿದ ಕುದುರೆ ಚಪ್ಪಟೆಯಾಗಿ ಹಾರುತ್ತದೆ, ಹಿಂದಿನ ಗೊರಸು ಕಂಬಕ್ಕೆ ತಾಗುತ್ತದೆ. ಅಭ್ಯಾಸದ ಅಂಗಳದಲ್ಲಿ ಆರೆಂಟು ಜಿಗಿತ ಸಾಕು. ಪಕ್ಕದವನು ಇಪ್ಪತ್ತು ಹಾರಿಸುತ್ತಿದ್ದರೆ ಹಾರಿಸಲಿ.

ವಾಪಸ್

ಪದಕ ಬಂದರೂ ಬಾರದಿದ್ದರೂ ಅದೇ ಸಂಜೆ ಲಾರಿ ಹತ್ತಿಸಬೇಡಿ. ಒಂದು ದಿನವಾದರೂ ನಿಲ್ಲಲಿ, ನೀರು ಕುಡಿಯಲಿ. ಲಾರಿಯವರು ಬಾಡಿಗೆಗೆ ಅವಸರ ಮಾಡುತ್ತಾರೆ, ಆ ಒಂದು ದಿನದ ಬಾಡಿಗೆಯನ್ನು ಮೊದಲೇ ಖರ್ಚಿನಲ್ಲಿ ಬರೆದಿಡಿ. ಊರಿಗೆ ಬಂದ ಮೇಲೆ ಎರಡು ವಾರ ಉಳಿದ ಕುದುರೆಗಳಿಂದ ದೂರ ಕಟ್ಟಿ, ಬಕೆಟ್, ಬ್ರಷ್ ಬೇರೆ ಇಡಿ, ದಿನಕ್ಕೆ ಎರಡು ಸಲ ಜ್ವರ ನೋಡುವುದನ್ನು ಮುಂದುವರಿಸಿ. ಮೂಗು ಸೋರಿದರೆ ಸವಾರಿ ನಿಲ್ಲಿಸಿ, ಲಾಯದ ಉಳಿದ ಕುದುರೆಗಳ ಮಾಲೀಕರಿಗೂ ಅಂದೇ ತಿಳಿಸಿ.