ಬ್ರೆಡ್ ಬಟ್ಟಲಲ್ಲಿ ಮಟನ್ ಸ್ಟ್ಯೂ: ಸೋರದ ಹಾಗೆ ಮಾಡೋದು

ಈ ಮಳೆಗೆ ಬ್ರೆಡ್ ಬಟ್ಟಲಲ್ಲಿ ಮಟನ್ ಸ್ಟ್ಯೂ ಮಾಡೋರು ಮೆತ್ತನೆ ಬನ್ ತರಬೇಡಿ, ರಸ ಕುಡಿದು ಕುಸಿಯುತ್ತೆ. ಹಾಸನದಲ್ಲಿ ನಿಮಗೆ ಪರಿಚಯದ ಬೇಕರಿಗೆ ಹಿಂದಿನ ದಿನವೇ ಹೇಳಿ, ಹೊರಗೆ ಗಟ್ಟಿ ಇರುವ ದುಂಡು ಬ್ರೆಡ್ ಮಾಡಿಸಿಕೊಳ್ಳಿ. ಮೇಲ್ಭಾಗ ಕೊಯ್ದು ತಿರುಳು ತೆಗೆಯಿರಿ, ಸುತ್ತಲೂ ಬೆರಳು ದಪ್ಪ ಉಳಿಯಲಿ. ಒಳಗೆಲ್ಲ ಬೆಣ್ಣೆ ಸವರಿ 180 ಡಿಗ್ರಿ ಓವನ್‌ನಲ್ಲಿ 10 ನಿಮಿಷ ಇಡಿ. ತಟ್ಟಿದರೆ ಟಕ್ ಅನ್ನಬೇಕು. ತಿರುಳನ್ನು ಪುಡಿ ಮಾಡಿ ಸ್ಟ್ಯೂಗೇ ಹಾಕಿ, ಗಟ್ಟಿ ಬರುತ್ತೆ.

ಮಾಂಸ ಸ್ವಲ್ಪ ಸ್ವಲ್ಪವೇ ಕೆಂಪಗೆ ಹುರಿಯಿರಿ. ಒಟ್ಟಿಗೆ ಸುರಿದರೆ ನೀರು ಬಿಡುತ್ತೆ, ರುಚಿ ಅಲ್ಲೇ ಹೋಯ್ತು. ಆಲೂಗಡ್ಡೆ, ಕ್ಯಾರೆಟ್ ಮಾಂಸ ಮುಕ್ಕಾಲು ಬೆಂದ ಮೇಲೆ. ಸಕಲೇಶಪುರದ ಕಡೆಯ ಕಾಳುಮೆಣಸು ಸಿಕ್ಕರೆ ಕೊನೆಯಲ್ಲಿ ಜಜ್ಜಿ ಹಾಕಿ, ಘಮ ಉಳಿಯುತ್ತೆ. ಎಲ್ಲರೂ ಊಟಕ್ಕೆ ಕೂತ ಮೇಲೇ ಬಟ್ಟಲಿಗೆ ಬಡಿಸಿ.