ಎಡ ಮೊಳೆ, ಬಲ ಮೊಳೆ

2022ರ ಜುಲೈ 11, ರಾತ್ರಿ ಎಂಟೂವರೆ. ದಾವಣಗೆರೆಯ ನನ್ನ ಪುಟ್ಟ ಆಫೀಸಿನಲ್ಲಿ ಒಬ್ಬಳೇ ಕೂತಿದ್ದೆ. ಅಂಗಡಿಯವರ ಜಿಎಸ್‌ಟಿ ರಿಟರ್ನ್ ಹಾಕುವುದು ನನ್ನ ಕೆಲಸ. ಒಬ್ಬ ಹಾರ್ಡ್‌ವೇರ್ ಅಂಗಡಿಯವರ ಜೂನ್ ತಿಂಗಳ ಜಿಎಸ್‌ಟಿಆರ್-1, ಅಂದರೆ ಮಾರಾಟದ ವಿವರದ ರಿಟರ್ನ್, ಪೂರ್ತಿ ರೆಡಿ ಇತ್ತು. ಬಿಲ್ಲುಗಳೆಲ್ಲ ಅಪ್‌ಲೋಡ್ ಆಗಿದ್ದವು. ಲೆಕ್ಕ ಎರಡು ಸಲ ತಾಳೆ ನೋಡಿದ್ದೆ. ಉಳಿದಿದ್ದು ಓಟಿಪಿ ಒಂದೇ. ಅದು ಅಂಗಡಿಯ ಯಜಮಾನರ ಮೊಬೈಲಿಗೆ ಹೋಗುತ್ತದೆ. ಅವರು ಫೋನ್ ಎತ್ತಲಿಲ್ಲ. ಐದು ನಿಮಿಷ ಬಿಟ್ಟು ಮಾಡೋಣ ಅಂತ ನೀರು ಕುಡಿಯಲು ಎದ್ದೆ.

ಆ ಐದು ನಿಮಿಷ ಮುಗಿದಿದ್ದು 15ನೇ ತಾರೀಖು ಮಧ್ಯಾಹ್ನ.

ಈ ಕೆಲಸದ ಪರಿಚಯ ಇಲ್ಲದವರಿಗೆ ಒಂದು ಮಾತು. ಮಾರಿದವರು 11ನೇ ತಾರೀಖಿನೊಳಗೆ ಜಿಎಸ್‌ಟಿಆರ್-1 ಹಾಕಿದರೆ, ಕೊಂಡವರಿಗೆ 14ಕ್ಕೆ ತಯಾರಾಗುವ 2ಬಿ ಪಟ್ಟಿಯಲ್ಲಿ ಆ ಬಿಲ್ಲು ಕಾಣುತ್ತದೆ. ಕಂಡರೆ ಮಾತ್ರ ಅವರಿಗೆ ಕಟ್ಟಿದ ತೆರಿಗೆಯ ಕ್ರೆಡಿಟ್ ಸಿಗುತ್ತದೆ, ಅಂದರೆ ಅಷ್ಟನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. 2022ರ ಜನವರಿಯಿಂದ ಈ ನಿಯಮ ಬಿಗಿಯಾಗಿದೆ. ನಮ್ಮ ಹಾರ್ಡ್‌ವೇರ್ ಅಂಗಡಿಯಿಂದ ಕಬ್ಬಿಣ ಕೊಂಡಿದ್ದ ಕಂಟ್ರಾಕ್ಟರ್ ಪಟ್ಟಿ ನೋಡಿದರು, ಬಿಲ್ಲು ಇಲ್ಲ. ತೆರಿಗೆಯ ಭಾಗದ ದುಡ್ಡು ತಡೆಹಿಡಿದರು. ಯಜಮಾನರು ನನ್ನ ಆಫೀಸಿಗೇ ಬಂದರು. ಅವರು ಕೂಗಾಡಲಿಲ್ಲ. "ಮೇಡಂ, ನೀವು ಕೆಲಸ ಮಾಡದೇ ಇದ್ದಿದ್ರೆ ನನಗೆ ಅರ್ಥ ಆಗ್ತಿತ್ತು. ಎಲ್ಲ ಮಾಡಿ ಕೊನೇ ಬಟನ್ ಒತ್ತಿಲ್ಲ ಅಂದ್ರೆ ಏನ್ರೀ ಇದು?" ಅಂದರು.

ನಲವತ್ತೊಂದು ವರ್ಷ ನಾನೂ ಇದೇ ಪ್ರಶ್ನೆ ಕೇಳಿಕೊಂಡಿದ್ದೆ. ಇದೇನಿದು?

ಆಗ ನಾನು ನಿದ್ದೆ ಬರಲ್ಲ, ಸದಾ ಗಾಬರಿ ಅಂತ ಒಬ್ಬ ಮನೋವೈದ್ಯರ ಹತ್ತಿರ ಹೋಗುತ್ತಿದ್ದೆ. ಮೊದಲ ಸಲ ಹೋದಾಗ ಚೀಟಿ ತಗೊಂಡು ಬ್ಯಾಗ್ ಬಿಟ್ಟು ಬಂದಿದ್ದೆ. ಎರಡನೇ ಸಲ ಬ್ಯಾಗ್ ತಗೊಂಡು ಚೀಟಿ ಬಿಟ್ಟು ಬಂದೆ. ಮೂರನೇ ಸಲ ಡಾಕ್ಟರು ಚೀಟಿಯನ್ನು ಕೈಯಲ್ಲೇ ಹಿಡಿದುಕೊಂಡು, "ಚಿಕ್ಕಂದಿನಿಂದಲೂ ಹೀಗೇನಾ?" ಅಂದರು. ನನಗೆ ನಗು ಬಂತು. ಆಮೇಲೆ ಅಳು ಬಂತು. ಗಾಬರಿಯ ಬಗ್ಗೆ ಎಷ್ಟೋ ಜನ ಕೇಳಿದ್ದರು, ಇದನ್ನು ಯಾರೂ ಕೇಳಿರಲಿಲ್ಲ.

ಇದು ಎಡಿಎಚ್‌ಡಿ ಇರಬಹುದು ಅಂದರು ಡಾಕ್ಟರು. ಗಮನದ ಕೊರತೆ, ಅತಿ ಚಟುವಟಿಕೆಯ ತೊಂದರೆಗೆ ಇಂಗ್ಲಿಷಿನ ಚಿಕ್ಕ ಹೆಸರು ಅದು. ಎಡಿಎಚ್‌ಡಿ ಅಂದರೆ ನನ್ನ ತಲೆಯಲ್ಲಿದ್ದಿದ್ದು ಕ್ಲಾಸಲ್ಲಿ ಬೆಂಚಿನಿಂದ ಬೆಂಚಿಗೆ ಹಾರುವ ಗಂಡುಹುಡುಗ. ನಾನು ಕಿಟಕಿ ನೋಡುತ್ತಾ ಕೂರುವ ಹುಡುಗಿ. ಯಾರಿಗೂ ತೊಂದರೆ ಕೊಡದ ಮಗು ಯಾರ ಕಣ್ಣಿಗೂ ಬೀಳುವುದಿಲ್ಲ, ಅಲ್ವಾ? ಓಡಾಟ ಕಡಿಮೆ ಇದ್ದು ಗಮನ ಮಾತ್ರ ತಪ್ಪುವ ಬಗೆಯೂ ಇದೆ, ಹುಡುಗಿಯರಲ್ಲಿ ಅದು ಗೊತ್ತಾಗದೇ ಉಳಿಯುವುದು ಜಾಸ್ತಿ ಅಂತ ಡಾಕ್ಟರು ಹೇಳಿದರು.

ಹೆಸರಿಡುವುದು ಒಂದೇ ದಿನದಲ್ಲಿ ಆಗಲಿಲ್ಲ. ಮೊದಲು ಥೈರಾಯ್ಡ್ ಮತ್ತು ರಕ್ತಹೀನತೆ ನೋಡಿದರು. ನಿದ್ದೆಯ ಬಗ್ಗೆ ವಿಚಾರಿಸಿದರು. ಇವೆಲ್ಲವೂ ಮನುಷ್ಯನನ್ನು ಮರೆಗುಳಿ ಮಾಡುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಹದಿನೆಂಟು ಪ್ರಶ್ನೆಗಳ ಪಟ್ಟಿ ಕೊಟ್ಟರು. ಅದರ ಮೊದಲ ಆರು ಪ್ರಶ್ನೆಗಳಲ್ಲೇ ಸುಳಿವು ಸಿಗುತ್ತದೆಯಂತೆ. ಆದರೆ ಅದು ಸುಳಿವು ಅಷ್ಟೇ, ತೀರ್ಪಲ್ಲ. ದೊಡ್ಡವರಿಗೆ ಒಂಬತ್ತು ಲಕ್ಷಣಗಳಲ್ಲಿ ಐದಾದರೂ ಇರಬೇಕು, ಅವು ಬದುಕಿಗೆ ನಿಜವಾಗಿ ಅಡ್ಡಿ ಮಾಡುತ್ತಿರಬೇಕು, ಹನ್ನೆರಡು ವರ್ಷಕ್ಕೆ ಮುಂಚೆಯೇ ಕೆಲವು ಶುರುವಾಗಿರಬೇಕು. ಅದಕ್ಕೇ ಹಳೆಯ ಮಾರ್ಕ್ಸ್ ಕಾರ್ಡ್ ಇದ್ದರೆ ತನ್ನಿ, ಅಮ್ಮನನ್ನು ಕರೆತನ್ನಿ ಅಂದರು.

ಮಾರ್ಕ್ಸ್ ಕಾರ್ಡ್ ಅಮ್ಮನ ಟ್ರಂಕಿನಲ್ಲಿತ್ತು. ಮೂರು ವರ್ಷ, ಮೂವರು ಟೀಚರು, ಒಂದೇ ಮಾತು: "ಬುದ್ಧಿವಂತೆ, ಆದರೆ ಸೋಮಾರಿ." ಅಮ್ಮ ಡಾಕ್ಟರ ಮುಂದೆ ಸೆರಗು ಸರಿಮಾಡಿಕೊಂಡು ಹೇಳಿದರು. "ಐದನೇ ಕ್ಲಾಸಲ್ಲಿ ಒಂದೇ ಮಳೆಗಾಲಕ್ಕೆ ಮೂರು ಛತ್ರಿ ಕಳೆದಳು ಸಾರ್. ನಾಲ್ಕನೇದು ಕೊಡಿಸಲಿಲ್ಲ. ಗೋಣಿಚೀಲದ ಕೊಪ್ಪೆ ಹಾಕಿ ಕಳಿಸಿದೆ. ಅದನ್ನೂ ಬಿಟ್ಟು ಬಂದಳು." ಡಾಕ್ಟರು ಬರೆದುಕೊಂಡರು. ವಾಪಸ್ ಬರುವಾಗ ಆಟೋದಲ್ಲಿ ಅಮ್ಮ ಮಾತಾಡಲಿಲ್ಲ. ಮನೆ ಹತ್ತಿರ ಬಂದಾಗ, "ಮೂರನೇ ಛತ್ರಿಗೆ ನಿನ್ನ ಹೊಡೆದಿದ್ದೆ ಕಣೇ" ಅಂದರು.

"ಗಮನದ ಕೊರತೆ" ಅನ್ನುವ ಹೆಸರಿನ ಮೇಲೆ ನನಗೆ ತಕರಾರಿದೆ. ನನಗೆ ಗಮನ ಇಲ್ಲದೇ ಇಲ್ಲ. ಬ್ಯಾಂಕ್ ಲೆಡ್ಜರಿನಲ್ಲಿ 37 ರೂಪಾಯಿ ವ್ಯತ್ಯಾಸ ಬಂತು ಅಂತ ಊಟ, ಫೋನ್ ಎಲ್ಲ ಬಿಟ್ಟು ಒಂಬತ್ತು ಗಂಟೆ ಹುಡುಕಿದವಳು ನಾನು. ಸಿಕ್ಕಿತು ಕೂಡ. ಗಮನ ರಾಶಿ ಇದೆ, ಲಗಾಮು ಇಲ್ಲ. ಅದು ಹೋಗುವ ಕಡೆ ನಾನು ಹೋಗಬೇಕು.

ಮನೆಯಲ್ಲಿ ಯಾರೂ ಹಬ್ಬ ಮಾಡಲಿಲ್ಲ. ಅತ್ತೆ, "ಮರೆವು ಯಾರಿಗಿಲ್ಲಮ್ಮ, ನಾನೂ ನಿನ್ನೆ ಕನ್ನಡಕ ಹುಡುಕಿದೆ" ಅಂದರು. ನಮ್ಮನೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ಹೆಸರು ಸಿಕ್ಕಿತು. ಈಗ ಕರೆಂಟ್ ಬಿಲ್ ಯಾರು ಕಟ್ತಾರೆ?" ಅಂದರು. ಅವತ್ತು ನನಗೆ ತುಂಬಾ ನೋವಾಯಿತು. ಈಗ ಯೋಚಿಸಿದರೆ ಅವರು ಕೇಳಿದ್ದು ಸರಿ. ಹದಿನಾರು ವರ್ಷ ನಾನು ಮರೆತಿದ್ದನ್ನೆಲ್ಲ ನೆನಪಿಟ್ಟುಕೊಂಡವರು ಅವರು. ಗ್ಯಾಸ್ ಬುಕ್ ಮಾಡುವುದು, ಮಗಳ ಫೀಸು, ಇನ್ಶೂರೆನ್ಸ್ ಕಂತು. ಮದುವೆ ಮನೆಗೆ ಹೋಗುವಾಗ ಮುಹೂರ್ತವನ್ನು ಅರ್ಧ ಗಂಟೆ ಹಿಂದೆ ಹಾಕಿ ಸುಳ್ಳು ಹೇಳುತ್ತಿದ್ದರು. ನನಗೆ ಗೊತ್ತಾದ ಮೇಲೆ ಅದೂ ನಡೆಯಲಿಲ್ಲ.

ಮಾತ್ರೆಯ ವಿಷಯ. ನನಗೆ ಕೊಟ್ಟಿದ್ದು ಮೀಥೈಲ್‌ಫೆನಿಡೇಟ್. ಇದು ಷೆಡ್ಯೂಲ್ ಎಕ್ಸ್ ಔಷಧಿ. ಡಾಕ್ಟರು ಚೀಟಿಯನ್ನು ಎರಡು ಪ್ರತಿ ಬರೆಯಬೇಕು, ಒಂದನ್ನು ಮೆಡಿಕಲ್ ಶಾಪಿನವರು ಎರಡು ವರ್ಷ ಇಟ್ಟುಕೊಳ್ಳಬೇಕು. ಮಾರಲು ಅಂಗಡಿಗೂ ಬೇರೆ ಲೈಸೆನ್ಸ್ ಬೇಕು. ಹಾಗಾಗಿ ಎಲ್ಲ ಕಡೆ ಸಿಗುವುದಿಲ್ಲ. ನಾನು ನಾಲ್ಕು ಅಂಗಡಿ ತಿರುಗಿದೆ. ಒಂದರಲ್ಲಿ ನನ್ನನ್ನು ಕಳ್ಳಿಯ ಹಾಗೆ ನೋಡಿದರು. ಸುಮ್ನೆ ಯೋಚಿಸಿ: ಮರೆಯುವ ಕಾಯಿಲೆಗೆ ಕೊಡುವ ಔಷಧಿಗೆ ಎರಡು ಚೀಟಿ, ಅದೂ ಮುಗಿಯುವ ಮುಂಚೆಯೇ ಜ್ಞಾಪಿಸಿಕೊಂಡು ಡಾಕ್ಟರ ಹತ್ತಿರ ಹೋಗಬೇಕು. ಇಂಥ ಕಟ್ಟುಪಾಡಿಲ್ಲದ ಅಟಾಮಾಕ್ಸೆಟೀನ್ ಅನ್ನುವ ಇನ್ನೊಂದು ಔಷಧಿಯೂ ಇದೆ. ಅದರ ಗುಣ ಕಾಣಲು ವಾರಗಟ್ಟಲೆ ಬೇಕು. ಯಾರಿಗೆ ಯಾವುದು ಅನ್ನುವುದನ್ನು ಡಾಕ್ಟರೇ ಹೇಳಬೇಕು. ನನ್ನದನ್ನು ನೋಡಿ ನೀವು ನಿರ್ಧಾರ ಮಾಡಬೇಡಿ.

ಮೊದಲ ಮಾತ್ರೆ ನುಂಗಿದ್ದು ಒಂದು ಭಾನುವಾರ ಬೆಳಿಗ್ಗೆ. ಅದರ ಪರಿಣಾಮ ಮೂರು ನಾಲ್ಕು ಗಂಟೆ. ಅಷ್ಟೂ ಹೊತ್ತು ನಾನು ಅಡುಗೆಮನೆಯ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿದೆ. ಸಾಸಿವೆ, ಜೀರಿಗೆ, ಮೆಂತ್ಯ. ಒಂದು ಸಲವೂ ಎದ್ದು ಹೋಗಲಿಲ್ಲ, ಅಕ್ಷರ ಮುತ್ತಿನಂತೆ ಬಂದಿತ್ತು. ಅವತ್ತು ಮಾಡಬೇಕಿದ್ದ ಟಿಡಿಎಸ್ ಕೆಲಸ ಮೇಜಿನ ಮೇಲೆ ಹಾಗೇ ಇತ್ತು. ಮಾತ್ರೆ ಕೆಲಸಕ್ಕೆ ಕೂರಿಸುತ್ತದೆ. ಯಾವ ಕೆಲಸ ಅಂತ ಅದು ಹೇಳುವುದಿಲ್ಲ. ಈಗ ಮಾತ್ರೆ ನುಂಗುವ ಮೊದಲೇ ಆ ದಿನದ ಮೊದಲ ಫೈಲನ್ನು ತೆರೆದು ಮೇಜಿನ ಮೇಲೆ ಇಟ್ಟಿರುತ್ತೇನೆ.

ಹಸಿವು ಹೋಯಿತು. ಮಧ್ಯಾಹ್ನ ಊಟ ನೋಡಿದರೆ ಬೇಡ ಅನ್ನಿಸುತ್ತಿತ್ತು, ಸಂಜೆ ಆರಕ್ಕೆ ಯಾರನ್ನಾದರೂ ಹೊಡೆಯುವಷ್ಟು ಸಿಟ್ಟು. ಅದು ಹಸಿವಿನ ಸಿಟ್ಟು ಅಂತ ಕಂಡುಹಿಡಿದಿದ್ದು ಮಗಳು. ಈಗ ಬೆಳಿಗ್ಗೆ ಎರಡು ರೊಟ್ಟಿ ಪಲ್ಯ ತಿಂದೇ ಮಾತ್ರೆ. ಎದೆ ಡವಡವ ಅಂದಿದ್ದಕ್ಕೆ ಕಾಫಿ ಒಂದಕ್ಕೆ ಇಳಿಸಿದೆ. ಬಿಪಿ ನೋಡಿಸುತ್ತಿರುತ್ತೇನೆ.

ಇನ್ನು ಕೆಲಸದ ವಿಷಯ. ನನ್ನ ಹತ್ತಿರ ಮೊದಲ ಹತ್ತು ಪುಟ ಮಾತ್ರ ತುಂಬಿರುವ ಹನ್ನೊಂದು ಡೈರಿಗಳಿವೆ. ಮೊಬೈಲ್ ರಿಮೈಂಡರ್ ಬಂದರೆ ಬೆರಳು ತಾನೇ ಅದನ್ನು ಸರಿಸಿಬಿಡುತ್ತಿತ್ತು, ತಲೆಗೆ ಸುದ್ದಿಯೇ ಹೋಗುತ್ತಿರಲಿಲ್ಲ. 20ನೇ ತಾರೀಖಿಗೆ 3ಬಿ, ಅಂದರೆ ತಿಂಗಳ ತೆರಿಗೆ ಕಟ್ಟುವ ರಿಟರ್ನ್, ಹಾಕಬೇಕು ಅನ್ನುವುದು ನನಗೆ ನಿದ್ದೆಯಲ್ಲೂ ಗೊತ್ತು. ತಡವಾದರೆ ದಿನಕ್ಕೆ 50 ರೂಪಾಯಿ ಅಂತಲೂ ಗೊತ್ತು. ಗೊತ್ತಿರುವುದು ಸರಿಯಾದ ಹೊತ್ತಿಗೆ ಕೈಗೆ ಬರುವುದಿಲ್ಲ, ಕಷ್ಟ ಇರುವುದು ಅಲ್ಲಿ. ಹಾಗಾದರೆ ನೆನಪನ್ನು ತಲೆಯಲ್ಲಿ ಯಾಕೆ ಇಡಬೇಕು?

ಗೋಡೆಗೆ ಎರಡು ಮೊಳೆ ಹೊಡೆಸಿದೆ. ಪ್ರತಿ ಗಿರಾಕಿಗೂ ಒಂದು ದಪ್ಪ ಕಾರ್ಡು, ಅದಕ್ಕೊಂದು ಕ್ಲಿಪ್. ತಿಂಗಳ ಮೊದಲ ದಿನ ಎಲ್ಲವೂ ಎಡ ಮೊಳೆಗೆ. ರಿಟರ್ನ್ ಫೈಲ್ ಆದರೆ ಎಆರ್‌ಎನ್ ಅನ್ನುವ ನಂಬರ್ ಬರುತ್ತದೆ. ಅದನ್ನು ಕೈಯಾರೆ ಕಾರ್ಡಿನ ಮೇಲೆ ಬರೆದ ಮೇಲೇ ಬಲ ಮೊಳೆಗೆ. "ಆಲ್‌ಮೋಸ್ಟ್ ಆಯ್ತು" ಅನ್ನುವುದಕ್ಕೆ ನಡುವೆ ಮೊಳೆ ಇಲ್ಲ. ನನ್ನ ಅಸಿಸ್ಟೆಂಟ್ ಹುಡುಗಿ ಮೊದಲ ತಿಂಗಳಲ್ಲೇ ಕೇಳಿದಳು, "ಮೇಡಂ, ನಡುವೆ ಇನ್ನೊಂದು ಮೊಳೆ ಹೊಡೆಸೋಣ್ವಾ?" ಬೇಡವೇ ಬೇಡ ಅಂದೆ. ಹಾರ್ಡ್‌ವೇರ್ ಅಂಗಡಿಯ ಕೆಲಸ ಕೆಟ್ಟಿದ್ದು ಆ ನಡುವಿನ ಜಾಗದಲ್ಲೇ.

ಓಟಿಪಿಗೆ ಫೋನ್ ಎತ್ತದಿದ್ದರೆ ಕಾರ್ಡನ್ನು ಕೈಯಲ್ಲಿ ಹಿಡಿದುಕೊಂಡೇ ಇರುತ್ತೇನೆ. ನೀರು ಕುಡಿಯಲು ಹೋದರೂ ಅದು ಜೊತೆಗೆ ಬರುತ್ತದೆ. ಒಂದು ಸಲ ಬಾತ್‌ರೂಮಿನವರೆಗೂ ಬಂದಿತ್ತು. ನಗಬೇಡಿ, ಅವತ್ತು ಫೈಲ್ ಆಯಿತು.

ಎರಡನೆಯದು ಜೊತೆ. ಒಬ್ಬಳೇ ಕೂತರೆ ನನಗೆ ಶುರುವೇ ಆಗುವುದಿಲ್ಲ. ಎದುರಿಗೆ ಅಸಿಸ್ಟೆಂಟ್ ತನ್ನ ಕೆಲಸ ಮಾಡುತ್ತಾ ಕೂತರೆ ನನ್ನದೂ ನಡೆಯುತ್ತದೆ. ಅವಳು ಸಹಾಯ ಮಾಡಬೇಕಿಲ್ಲ, ಮಾತೂ ಬೇಕಿಲ್ಲ. ಮೊದಲು ಇದು ನಾಚಿಕೆ ಅನ್ನಿಸಿತ್ತು. ಆಮೇಲೆ ನಮ್ಮ ಓಣಿಯ ಹಪ್ಪಳ ನೆನಪಾಯಿತು. ಬೇಸಿಗೆಯಲ್ಲಿ ಐದಾರು ಮನೆಯ ಹೆಂಗಸರು ಒಂದೇ ಕಡೆ ಕೂತು ನೂರಾರು ಹಪ್ಪಳ ಒತ್ತುತ್ತಿದ್ದರು. ಅಮ್ಮನಿಗೂ ಒಬ್ಬಳೇ ಒತ್ತಲು ಆಗುತ್ತಿರಲಿಲ್ಲ. ಅವಳನ್ನು ಯಾರೂ ಸೋಮಾರಿ ಅನ್ನಲಿಲ್ಲ.

ಮೂರನೆಯದು ಹೊತ್ತು. ಎರಡು ವಾರ ಒಂದು ಹಾಳೆಯಲ್ಲಿ ಎರಡು ಕಾಲಮ್ ಬರೆದೆ. ಇಷ್ಟಾಗುತ್ತದೆ ಅಂದುಕೊಂಡದ್ದು, ನಿಜಕ್ಕೂ ಆದದ್ದು. ಸ್ನಾನ ಮಾಡಿ ರೆಡಿಯಾಗಲು ಹದಿನೈದು ನಿಮಿಷ ಅಂದುಕೊಂಡಿದ್ದೆ, ಐವತ್ತು ಆಗಿತ್ತು. ಒಂದು ಚಿಕ್ಕ ಅಂಗಡಿಯ ರಿಟರ್ನ್ ಇಪ್ಪತ್ತು ನಿಮಿಷ ಅಂದುಕೊಂಡಿದ್ದು ಒಂದು ಗಂಟೆ ಹಿಡಿದಿತ್ತು. ಅದನ್ನು ನೋಡಿ ನಾನೇ ಬೆಚ್ಚಿದೆ. ನಾನು ಜನಕ್ಕೆ ಸುಳ್ಳು ಹೇಳುತ್ತಿರಲಿಲ್ಲ, ನನ್ನ ಅಂದಾಜೇ ಸುಳ್ಳು. ಈಗ ಅಂದುಕೊಂಡದ್ದನ್ನು ಮೂರರಿಂದ ಗುಣಿಸುತ್ತೇನೆ. ಯಾರಾದರೂ ಫೋನ್ ಮಾಡಿ "ಎಲ್ಲಿದೀರಾ?" ಅಂದರೆ "ದಾರೀಲಿದೀನಿ" ಅನ್ನುವ ಅಭ್ಯಾಸ ಮಾತ್ರ ಪೂರ್ತಿ ಬಿಟ್ಟಿಲ್ಲ.

ಮನೆಯಲ್ಲಿ ಹಾಲು ಉಕ್ಕಿ ಒಲೆ ಕಪ್ಪಾಗುತ್ತಿದ್ದುದಕ್ಕೆ ಸಿಳ್ಳೆ ಹೊಡೆಯುವ ಹಾಲಿನ ಕುಕ್ಕರ್ ತಂದೆ. ಬೀಗದ ಕೈ ಚಪ್ಪಲಿ ಸ್ಟ್ಯಾಂಡಿನ ಮೇಲೆ. ಚಪ್ಪಲಿ ಇಲ್ಲದೆ ಹೊರಗೆ ಹೋಗುವಷ್ಟು ಇನ್ನೂ ಮರೆತಿಲ್ಲ. ಕರೆಂಟ್ ಬಿಲ್ ಆಟೋ ಪೇಗೆ ಹಾಕಿದೆ. ನಮ್ಮನೆಯವರ ಪ್ರಶ್ನೆಗೆ ಅದೇ ಉತ್ತರ.

ಇದನ್ನು ಓದುತ್ತಾ "ಇದು ನಾನೇ" ಅನ್ನಿಸಿದರೆ, ಮೊಬೈಲಿನ ವಿಡಿಯೋ ನೋಡಿ ನೀವೇ ಹೆಸರಿಟ್ಟುಕೊಳ್ಳಬೇಡಿ. ಒಬ್ಬ ಮನೋವೈದ್ಯರಿಗೆ ತೋರಿಸಿ. ಎಲ್ಲಿಗೆ ಹೋಗುವುದು ಅಂತ ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಹೋಗುವಾಗ ಅಮ್ಮನನ್ನೋ ಅಕ್ಕನನ್ನೋ ಕರೆದುಕೊಂಡು ಹೋಗಿ. ನಾವು ಮರೆತಿರುವುದು ಅವರಿಗೆ ನೆನಪಿರುತ್ತದೆ.

ಹಾರ್ಡ್‌ವೇರ್ ಅಂಗಡಿಯವರು ಆ ವರ್ಷವೇ ಬೇರೆ ಕಡೆ ಹೋದರು. ಅವರ ಕಾರ್ಡು ಮೇಜಿನ ಡ್ರಾದಲ್ಲಿದೆ, ಎಸೆದಿಲ್ಲ.

ಇವತ್ತು 18. ಎಡ ಮೊಳೆಯಲ್ಲಿ ಇನ್ನೂ ನಾಲ್ಕು ಕ್ಲಿಪ್ ಇವೆ. ಐದನೆಯದು ಇದನ್ನು ಬರೆಯುತ್ತಿರುವಾಗಲೂ ನನ್ನ ಎಡಗೈಯಲ್ಲೇ ಇದೆ. ಬಟ್ಟೆ ಅಂಗಡಿಯವರು ಫೋನ್ ಎತ್ತುತ್ತಿಲ್ಲ. ತಡೀರಿ, ಇನ್ನೊಂದು ಸಲ ಮಾಡುತ್ತೇನೆ.